ನೆಲ ಕುಸಿದರೆ ಸಾಲ ಕುಸಿಯುವುದಿಲ್ಲ

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)



ಬೆಲೆಯ ಮಾತು, ಸಾಲದ ಮಾತು ನನಗಿಂತ ಮೊದಲು ನಿಂತವರು ಆಡಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಆ ಎರಡಕ್ಕೂ ಆಧಾರವಾಗಿರೋ ನೆಲದ ಮಾತು ನಾನು ಇವತ್ತು ಆಡ್ತೀನಿ. ನಾವು ಸಾಲ ತರೋದು ಪಹಣಿ ತೋರಿಸಿ. ಬೆಳೆ ತೆಗೆಯೋದು ಅದೇ ನೆಲದಲ್ಲಿ. ಒಡವೆ ಕಳುವಾಗಬಹುದು, ಎತ್ತು ಸಾಯಬಹುದು, ನೆಲ ಎಲ್ಲಿಗೂ ಹೋಗಲ್ಲ ಅಂತ ನಮ್ಮ ಹಿರಿಯರು ಧೈರ್ಯವಾಗಿದ್ದರು. ಆದರೆ ನೆಲ ಇದ್ದ ಜಾಗದಲ್ಲೇ ಇದ್ದು ಕೆಳಕ್ಕೆ ಇಳಿದುಹೋಗಬಹುದು. ಹಾಗೆ ಇಳಿದಿರೋ ಊರುಗಳಿವೆ. ಅದೂ ದೇವರ ಕೋಪದಿಂದಲ್ಲ, ಮನುಷ್ಯ ಕೆಳಗಿಂದ ತೆಗೆದದ್ದರಿಂದ.

ಈಗ ಯಾಕೆ ಈ ಮಾತು ಅಂತ ಕೇಳಬಹುದು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಭೂಶಾಖದ ಬಗ್ಗೆ ಒಂದು ರಾಷ್ಟ್ರೀಯ ನೀತಿ ಹೊರಡಿಸಿದೆ. ಭೂಶಾಖ ಅಂದರೆ ಭೂಮಿಯ ಹೊಟ್ಟೆಯೊಳಗಿನ ಬಿಸಿ. ಆ ಬಿಸಿನೀರನ್ನ, ಹಬೆಯನ್ನ ಬಾವಿ ಕೊರೆದು ಮೇಲಕ್ಕೆ ತಂದು ಕರೆಂಟು ಮಾಡೋದು. ದೇಶದಲ್ಲಿ 381 ಕಡೆ ಇಂಥ ಬಿಸಿಯ ಗುರುತು ಇದೆ, 10,600 ಮೆಗಾವಾಟ್ ತನಕ ಕರೆಂಟು ಬರಬಹುದು ಅಂತ ಭೂವಿಜ್ಞಾನ ಇಲಾಖೆಯವರ ಅಂದಾಜು. ಲಡಾಖಿನ ಪೂಗಾ ಕಣಿವೆ ಇದೆ, ಗುಜರಾತಿನ ಖಂಬಾತ್ ಕೊಲ್ಲಿಯ ಸೀಮೆ ಇದೆ, ಮಹಾರಾಷ್ಟ್ರದ ಕೊಂಕಣದ ಬಿಸಿನೀರ ಬುಗ್ಗೆಗಳಿವೆ. ನಮ್ಮ ಪುತ್ತೂರು ತಾಲ್ಲೂಕಿನ ಬೆಂದ್ರು ತೀರ್ಥದ ಉಗುರುಬೆಚ್ಚನೆ ನೀರು ನಿಮ್ಮಲ್ಲಿ ಕೆಲವರು ನೋಡಿರಬಹುದು.

ನಾನು ಕರೆಂಟಿಗೆ ವಿರೋಧಿ ಅಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ಮೋಟಾರು ಹಾಕೋ ರೈತ ಕರೆಂಟು ಬೇಡ ಅಂತ ಹೇಗೆ ಹೇಳ್ತಾನೆ? ಕಲ್ಲಿದ್ದಲಿನ ಹೊಗೆ ಇಲ್ಲ, ಹಗಲು ರಾತ್ರಿ ಒಂದೇ ಸಮ ಬರುತ್ತೆ, ಒಳ್ಳೇದೇ. ನನ್ನ ಪ್ರಶ್ನೆ ಒಂದೇ. ಕೆಳಗಿಂದ ತೆಗೆದ ಮೇಲೆ ಮೇಲಿನ ನೆಲ ಇಳಿದರೆ ಲೆಕ್ಕ ಕೊಡೋರು ಯಾರು?

ಮೊದಲು ನೆಲ ಯಾಕೆ ಇಳಿಯುತ್ತೆ ಅನ್ನೋದು ತಿಳಿಯೋಣ. ಇದಕ್ಕೆ ಇಂಜಿನಿಯರ್ ಬೇಡ, ಬಣವೆ ಒಟ್ಟಿದವನಿಗೆ ಗೊತ್ತು. ಕೊಯ್ಲು ಮುಗಿಸಿ ಹೊಸ ಬಣವೆ ಒಟ್ಟುತ್ತೀರಿ. ಆಳು ಎತ್ತರ ಮೀರಿ ನಿಲ್ಲುತ್ತೆ. ಎರಡು ತಿಂಗಳು ಬಿಟ್ಟು ನೋಡಿ, ಕುಗ್ಗಿರುತ್ತೆ. ಒಂದು ಹಿಡಿ ಹುಲ್ಲು ಯಾರೂ ತೆಗೆದಿಲ್ಲ, ಒಳಗಿನ ಗಾಳಿ ಹೋಯ್ತು, ಮೇಲಿನ ಭಾರಕ್ಕೆ ಹುಲ್ಲು ಒತ್ತಿಕೊಂಡಿತು. ಸಮುದ್ರದ ದಂಡೆಯ ಮೆಕ್ಕಲು ನೆಲವೂ ಹಾಗೇ. ನದಿಗಳು ಲಕ್ಷಾಂತರ ವರ್ಷ ತಂದು ಹಾಕಿದ ಮರಳು, ಜೇಡಿ, ಮತ್ತೆ ಮರಳು, ಮತ್ತೆ ಜೇಡಿ. ಮಧ್ಯದ ಸಂದುಗಳಲ್ಲೆಲ್ಲ ನೀರು. ಮೇಲಿನ ಭಾರದಲ್ಲಿ ಅರ್ಧ ಪಾಲು ಮಣ್ಣು ಹೊತ್ತರೆ ಇನ್ನರ್ಧ ಆ ನೀರು ಹೊತ್ತಿರುತ್ತೆ ಅಂತ ಇಟ್ಟುಕೊಳ್ಳಿ. ನೀರು ತೆಗೆದರೆ ಭಾರವೆಲ್ಲ ಮಣ್ಣಿನ ಮೇಲೆ ಬಿತ್ತು. ಜೇಡಿ ಒತ್ತಿಕೊಂಡಿತು. ಒಂದು ಸಾರಿ ಒತ್ತಿಕೊಂಡ ಜೇಡಿ ಆಮೇಲೆ ನೀರು ತುಂಬಿದರೂ ಮೊದಲಿನ ಹಾಗೆ ಉಬ್ಬೋದಿಲ್ಲ. ಕುಗ್ಗಿದ ಬಣವೆ ಮತ್ತೆ ಮೇಲೆ ಏಳುತ್ತದೆಯೇ? ಏಳೋದಿಲ್ಲ.

ನಮ್ಮ ಕೋಲಾರ, ತುಮಕೂರು ಕಡೆ ಸಾವಿರ ಅಡಿ ಮೀರಿ ಬೋರು ಕೊರೆದು ನೀರೆಲ್ಲ ಹೀರಿದ್ದೇವೆ, ನೆಲ ಯಾಕೆ ಇಳಿದಿಲ್ಲ ಅಂತ ಕೇಳ್ತೀರಿ. ನಮ್ಮದು ಗಟ್ಟಿ ಕಲ್ಲಿನ ಸೀಮೆ. ಕಲ್ಲಿನ ಬಿರುಕಿನಲ್ಲಿ ನೀರು ಇರುತ್ತೆ, ನೀರು ಹೋದರೂ ಕಲ್ಲು ಭಾರ ಹೊರುತ್ತೆ. ನಮಗೆ ನೀರು ಹೋಯ್ತು, ದುಡ್ಡು ಹೋಯ್ತು, ಬೋರಿನ ಸಾಲ ಉಳಿಯಿತು, ಆದರೆ ನೆಲ ನಿಂತಿದೆ. ಮೆಕ್ಕಲು ಸೀಮೆಯವರಿಗೆ ಆ ಭಾಗ್ಯವೂ ಇಲ್ಲ.

ಈಗ ಅಮೆರಿಕದ ಟೆಕ್ಸಾಸ್ ರಾಜ್ಯದ ಕತೆ ಹೇಳ್ತೀನಿ. ಮೆಕ್ಸಿಕೋ ಕೊಲ್ಲಿಯ ದಂಡೆ. ಹ್ಯೂಸ್ಟನ್ ಪಟ್ಟಣ, ಗ್ಯಾಲ್ವೆಸ್ಟನ್ ಕೊಲ್ಲಿ, ಸುತ್ತಮುತ್ತ ಭತ್ತದ ಗದ್ದೆ, ದನದ ಹುಲ್ಲುಗಾವಲು. ಅಲ್ಲಿ ನೆಲದೊಳಗಿಂದ ಮೂರು ವಸ್ತು ತೆಗೆದರು. ಮೊದಲು ಎಣ್ಣೆ, ಆಮೇಲೆ ನೀರು, ಕೊನೆಗೆ ಬಿಸಿ ಉಪ್ಪುನೀರು.

ಎಣ್ಣೆಯ ಕತೆ ಗೂಸ್ ಕ್ರೀಕ್ ಅನ್ನೋ ಜಾಗದ್ದು. 1917ರಿಂದ ಎಂಟು ವರ್ಷದಲ್ಲಿ ಅಲ್ಲಿನ ನೆಲ ಮೂರು ಅಡಿಗೂ ಮಿಕ್ಕಿ ಇಳಿಯಿತು, ಕೊಲ್ಲಿಯ ನೀರು ಒಳಗೆ ಬಂತು. ಆಗ ರಾಜ್ಯ ಸರಕಾರ ಏನು ಮಾಡಿತು ಗೊತ್ತೇ? ಕೋರ್ಟಿಗೆ ಹೋಯಿತು. ನೀರಿನಡಿಯ ನೆಲ ಸರಕಾರದ್ದು, ಇದು ಈಗ ನೀರಿನಡಿ ಇದೆ, ಆದ್ದರಿಂದ ಇದು ಸರಕಾರದ್ದು, ಎಣ್ಣೆಯೂ ಸರಕಾರದ್ದು ಅಂತ ವಾದ ಮಾಡಿತು. ಆಗ ಎಣ್ಣೆ ತೆಗೆಯುವವರ ಕಡೆಯವರೇ ಮುಂದೆ ಬಂದು, ಇದು ಪ್ರಕೃತಿಯಿಂದ ಇಳಿದ ನೆಲ ಅಲ್ಲ, ನಾವು ಎಣ್ಣೆ, ಅನಿಲ, ನೀರು, ಮರಳು ತೆಗೆದದ್ದರಿಂದಲೇ ಇಳಿದದ್ದು ಅಂತ ತೋರಿಸಿಕೊಟ್ಟರು. ಕೋರ್ಟು ಒಪ್ಪಿತು. ನೆಲ ಹಳೇ ಹಕ್ಕುದಾರರಿಗೇ ಉಳಿಯಿತು.

ಬಂಧುಗಳೇ, ಇದನ್ನ ಗಂಟು ಹಾಕಿಕೊಳ್ಳಿ. ತಮ್ಮ ಹಕ್ಕು ಉಳಿಯಬೇಕಾದಾಗ, ತೆಗೆದದ್ದರಿಂದಲೇ ನೆಲ ಇಳಿಯಿತು ಅನ್ನೋದಕ್ಕೆ ಅವರ ಹತ್ತಿರ ಸಾಕ್ಷಿ ಇತ್ತು. ಪರಿಹಾರ ಕೊಡಬೇಕಾದಾಗ ಮಾತ್ರ ಆ ಸಾಕ್ಷಿ ಯಾರಿಗೂ ಸಿಗೋದಿಲ್ಲ.

ಎರಡನೆಯದು ನೀರು. ಹ್ಯೂಸ್ಟನ್ ಬೆಳೆಯಿತು, ಕಾರ್ಖಾನೆ ಬಂದವು, ಎಲ್ಲರೂ ಬಾವಿಯಿಂದ ನೀರು ಎತ್ತಿದರು. 1979ರ ಹೊತ್ತಿಗೆ ಕೆಲವು ಕಡೆ ನೆಲ 10 ಅಡಿ ಇಳಿದಿತ್ತು. ಒಂದು ಅಡಿಗಿಂತ ಹೆಚ್ಚು ಇಳಿದ ಸೀಮೆ ಸುಮಾರು 3,200 ಚದರ ಮೈಲಿ. ನಮ್ಮ ಲೆಕ್ಕದಲ್ಲಿ 20 ಲಕ್ಷ ಎಕರೆ! ಬೇಟೌನ್ ಪಟ್ಟಣದಲ್ಲಿ ಬ್ರೌನ್‌ವುಡ್ ಅಂತ ಅನುಕೂಲಸ್ಥರ ಬಡಾವಣೆ ಒಂದಿತ್ತು. 1938ರಲ್ಲಿ ಕಟ್ಟಲು ಶುರು ಮಾಡಿದಾಗ ಸಮುದ್ರಮಟ್ಟಕ್ಕಿಂತ ಸುಮಾರು 10 ಅಡಿ ಮೇಲಿತ್ತು. ನಲವತ್ತು ವರ್ಷದಲ್ಲಿ ಎಂಟು ಅಡಿ ಇಳಿಯಿತು. ಸಣ್ಣ ಬಿರುಗಾಳಿಗೂ ಮನೆಯೊಳಗೆ ನೀರು. 1983ರಲ್ಲಿ ಅಲಿಸಿಯಾ ಅನ್ನೋ ಚಂಡಮಾರುತ ಬಂದು ಉಳಿದದ್ದನ್ನೂ ತೊಳೆಯಿತು. ಈಗ ಅಲ್ಲಿ ಮನೆಗಳಿಲ್ಲ, ಹಕ್ಕಿ ನೋಡುವ ವನ ಮಾಡಿದ್ದಾರೆ.

ನೊಂದವರು ಕೋರ್ಟಿಗೆ ಹೋದರು. 1978ರಲ್ಲಿ ಟೆಕ್ಸಾಸಿನ ಅತಿ ದೊಡ್ಡ ಕೋರ್ಟು ತೀರ್ಪು ಕೊಟ್ಟಿತು. ಅವರವರ ಜಮೀನಿನಡಿಯ ನೀರನ್ನ ಅವರವರು ಎಷ್ಟಾದರೂ ಎತ್ತಬಹುದು ಅನ್ನೋದು ಇಲ್ಲಿನ ಹಳೇ ಕಾನೂನು, ಅದನ್ನ ನಂಬಿ ಬಾವಿ ತೋಡಿದವರನ್ನ ಈಗ ತಪ್ಪಿತಸ್ಥರು ಅನ್ನೋಕಾಗಲ್ಲ. ಆದರೆ ಇವತ್ತಿನಿಂದ ಮುಂದೆ ಅಜಾಗರೂಕತೆಯಿಂದ ನೀರು ಎತ್ತಿ ಪಕ್ಕದವನ ನೆಲ ಇಳಿಸಿದರೆ ಹೊಣೆ ಹೊರಬೇಕು. ಇದು ತೀರ್ಪಿನ ಸಾರ. ಹೊಸ ಕಾನೂನು ಹುಟ್ಟಿತು, ನಿಜ. ಆದರೆ ಅದನ್ನ ಹುಟ್ಟಿಸಲು ಕೇಸು ಹಾಕಿದವರ ಕೈಗೆ ಏನೂ ಬರಲಿಲ್ಲ.

ಇನ್ನೊಂದು ಒಳ್ಳೇ ಕೆಲಸವೂ ಆಯಿತು, ಅದನ್ನೂ ಹೇಳಬೇಕು. 1975ರಲ್ಲಿ ಹ್ಯಾರಿಸ್ ಮತ್ತು ಗ್ಯಾಲ್ವೆಸ್ಟನ್ ಜಿಲ್ಲೆಗಳಿಗೆ ಸೇರಿ ನೆಲ ಕುಸಿತ ತಡೆಯೋಕೆ ಒಂದು ಮಂಡಲಿ ಮಾಡಿದರು. ದೊಡ್ಡ ಬಾವಿಗೆ ಆ ಮಂಡಲಿಯ ಪರವಾನಗಿ ಬೇಕು. ಕಾರ್ಖಾನೆಗಳಿಗೆ ಕೆರೆಯ ನೀರು ತಂದರು. ದಂಡೆಯ ಕಡೆ ಇಳಿಯೋದು ಹೆಚ್ಚುಕಡಿಮೆ ನಿಂತಿತು. ನಿಂತಿತು ಅಷ್ಟೇ, ಇಳಿದ ನೆಲ ಮೇಲೆ ಬರಲಿಲ್ಲ.

ಮೂರನೆಯದು ಭೂಶಾಖ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದವು, ಬೆಲೆ ಏರಿತು. ಅಮೆರಿಕ ಸರಕಾರ ಹೊಸ ದಾರಿ ಹುಡುಕಿತು. ಅದೇ ಕೊಲ್ಲಿಯ ದಂಡೆಯಲ್ಲಿ, ಎರಡು ಮೂರು ಮೈಲಿ ಆಳದಲ್ಲಿ, ಮರಳಿನ ಪದರದಲ್ಲಿ ಬಿಸಿ ಉಪ್ಪುನೀರು ಸಿಕ್ಕಿಕೊಂಡಿದೆ. ಸುತ್ತ ಜೇಡಿ ಮುಚ್ಚಿರೋದರಿಂದ ಹೊರಗೆ ಬರಲಾರದೆ ಭಾರಿ ಒತ್ತಡದಲ್ಲಿ ಕೂತಿದೆ. ಅಡಿಗೆ ಅನಿಲದಂಥ ಮೀಥೇನೂ ಅದರಲ್ಲಿ ಕರಗಿದೆ. ಬಿಸಿ, ಒತ್ತಡ, ಅನಿಲ, ಮೂರರಿಂದಲೂ ಶಕ್ತಿ ತೆಗೆಯಬಹುದು ಅಂತ ಲೆಕ್ಕ. ಬ್ರಜೋರಿಯಾ ಜಿಲ್ಲೆಯ ಪ್ಲೆಸೆಂಟ್ ಬಾಯು ಅನ್ನೋ ಕಡೆ ಬಾವಿ ಕೊರೆದರು. 14,000 ಅಡಿ ಮೀರಿದ ಆಳದಿಂದ ದಿನಕ್ಕೆ ಸುಮಾರು 20,000 ಪೀಪಾಯಿ ನೀರು. ಅಂದರೆ 30 ಲಕ್ಷ ಲೀಟರಿಗೂ ಮಿಕ್ಕಿ. ಅದರ ಉಪ್ಪು ಸಮುದ್ರದ ಉಪ್ಪಿಗೆ ಮೂರು ಪಟ್ಟು ಮೀರಿದ್ದು. ಆ ನೀರು ಒಂದು ಗದ್ದೆಗೆ ಹರಿದರೆ ಏನಾಗುತ್ತೆ ಅಂತ ಭತ್ತ ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ.

1989-90ರಲ್ಲಿ ಅಲ್ಲಿ 1 ಮೆಗಾವಾಟಿನ ಒಂದು ಸಣ್ಣ ಘಟಕ ಕೆಲವು ತಿಂಗಳು ಓಡಿತು. ಎಣ್ಣೆ, ಅನಿಲದ ಬೆಲೆ ಅಷ್ಟು ಹೊತ್ತಿಗೆ ಬಿದ್ದಿತ್ತು. ಗಿಟ್ಟೋದಿಲ್ಲ ಅಂತ 1992ರಲ್ಲಿ ಕಾರ್ಯಕ್ರಮ ಮುಚ್ಚಿದರು. ಬೆಲೆ ಬಿದ್ದರೆ ಸರಕಾರ ಕಡತ ಮುಚ್ಚಬಹುದು. ನಮಗೆ ರಾಗಿ ಬೆಲೆ ಬಿದ್ದರೆ ಹೊಲ ಮುಚ್ಚೋಕಾಗುತ್ತದೆಯೇ?

ಆ ಪ್ರಯೋಗದ ಬಾವಿಯಿಂದ ನೆಲ ಆಳುದ್ದ ಕುಸಿಯಿತು ಅಂತ ನಾನು ಹೇಳೋದಿಲ್ಲ. ಹಾಗಾಗಲಿಲ್ಲ. ಒಂದೆರಡು ಬಾವಿ, ಕೆಲವು ವರ್ಷ, ಅಷ್ಟೇ. ಹೋರಾಟಗಾರ ಇಲ್ಲದ್ದನ್ನ ಹೇಳಬಾರದು, ಹೇಳಿದರೆ ಇದ್ದದ್ದನ್ನೂ ಯಾರೂ ನಂಬೋದಿಲ್ಲ. ಆದರೆ ಅಲ್ಲಿ ಎರಡು ಪಾಠ ಇದೆ. ಒಂದು, ಅವರು ಬಾವಿಯ ಸುತ್ತ ಮಟ್ಟದ ಕಲ್ಲು ನೆಟ್ಟು ನೆಲದ ಎತ್ತರ ಅಳೆದರು, ನೆಲ ಅದುರುತ್ತದೆಯೇ ಅಂತ ಯಂತ್ರ ಇಟ್ಟರು. ಅಳೆದದ್ದರಿಂದಲೇ ಇವತ್ತು ನಾನು ಹೀಗೆ ಧೈರ್ಯವಾಗಿ ಹೇಳೋದು ಸಾಧ್ಯ. ಎರಡು, ಶಾಖ ತೆಗೆದ ನೀರನ್ನ ಮತ್ತೆ ಭೂಮಿಗೆ ತುಂಬಿದರು, ಆದರೆ ತೆಗೆದ ಪದರಕ್ಕಲ್ಲ, ಅದಕ್ಕಿಂತ ಎಷ್ಟೋ ಮೇಲಿನ ಪದರಕ್ಕೆ. ಕೊಳೆ ನೀರು ವಿಲೇವಾರಿ ಆಯಿತು, ಆದರೆ ಆಳದ ಪದರ ಖಾಲಿಯಾಗುತ್ತಲೇ ಹೋಯಿತು. ನಾಳೆ ಯಾರಾದರೂ ಬಂದು, ನಾವು ನೀರನ್ನ ವಾಪಸು ಭೂಮಿಗೇ ಬಿಡ್ತೀವಿ ಅಂತ ಹೇಳಿದರೆ, ಯಾವ ಪದರಕ್ಕೆ ಸ್ವಾಮಿ ಅಂತ ಕೇಳಿ.

ಪ್ರಯೋಗ ಬಿಟ್ಟು ದೊಡ್ಡದಾಗಿ ಮಾಡಿದ ಕಡೆ ಏನಾಯಿತು? ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಲ್ಲಿ ಭೂಶಾಖದ ವಿದ್ಯುತ್ ಕೇಂದ್ರ ಶುರುವಾಯಿತು. ಅದು ಸಮುದ್ರದ ದಂಡೆ ಅಲ್ಲ, ಒಳನಾಡು. ಹಲವು ದಶಕ ಬಿಸಿನೀರು ತೆಗೆದು, ಉಳಿದದ್ದನ್ನ ಭೂಮಿಗೆ ತುಂಬದೆ ನದಿಗೆ ಬಿಟ್ಟರು. ಒಂದು ಕಡೆ ನೆಲ ಸುಮಾರು 15 ಮೀಟರು ಇಳಿಯಿತು. ಹತ್ತಿರ ಹತ್ತಿರ 50 ಅಡಿ, ಒಂದು ತೆಂಗಿನ ಮರದ ಎತ್ತರ ಅಂದುಕೊಳ್ಳಿ. ಮೆಕ್ಸಿಕೋ ದೇಶದ ಸೆರ್ರೋ ಪ್ರಿಯೆಟೊದಲ್ಲಿ 1973ರಿಂದ ಕೇಂದ್ರ ನಡೆಯುತ್ತಿದೆ. ಅದು ಕೊಲರಾಡೊ ನದಿಯ ಮುಖಜ ಭೂಮಿ, ಕಾಲುವೆ ನೀರಾವರಿಯ ಜಮೀನು. ಅಲ್ಲಿ ಕೆಲವು ಕಡೆ ನೆಲ ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ಇಳಿದಿದೆ. ಕಾಲುವೆ ಬಿರಿದಿವೆ, ರಸ್ತೆ ಬಿರಿದಿವೆ, ಹೊಲಗಳೂ ಬಿರುಕು ಬಿಟ್ಟಿವೆ. ಆ ಸೀಮೆಯಲ್ಲಿ ಭೂಕಂಪವೂ ಉಂಟು, ಎಲ್ಲಾ ಇಳಿತ ಬಾವಿಯಿಂದಲೇ ಅಲ್ಲ. ಆದರೆ ಬಹುಪಾಲು ಬಾವಿಯಿಂದ ಅಂತ ಅಲ್ಲಿ ಅಳೆದವರೇ ಹೇಳಿದ್ದಾರೆ.

ನಾಲ್ಕು ಅಂಗುಲ ಅಂದರೆ ಏನು ಮಹಾ ಅಂತ ಪೇಟೆಯವರು ಕೇಳ್ತಾರೆ. ಕಾಲುವೆಯ ಕೊನೇ ಭಾಗದ ರೈತನನ್ನ ಕೇಳಿ ಅನ್ನಿ. ಕಾಲುವೆ ನೀರು ಹರಿಯೋದೇ ಅಂಗುಲದ ಲೆಕ್ಕದಲ್ಲಿ. ತೂಬಿನ ಮುಂದಿನ ನೆಲ ಅರ್ಧ ಅಡಿ ತಗ್ಗಾದರೆ ಅಲ್ಲಿ ಜೌಗು, ಮುಂದಕ್ಕೆ ಬರ. ನಮ್ಮ ಕುಮಟಾ ಕಡೆ ಅಘನಾಶಿನಿ ನದಿಯ ಹಿನ್ನೀರಿನ ಗಜನಿ ಗದ್ದೆಗಳಿವೆ. ಕಗ್ಗ ಅನ್ನೋ ಭತ್ತ ಉಪ್ಪನ್ನ ಸ್ವಲ್ಪ ತಡೆದುಕೊಂಡು ಅಲ್ಲಿ ಬೆಳೆಯುತ್ತೆ. ಏರುಬ್ಬರದ ನೀರಿಗೂ ಆ ಗದ್ದೆಗೂ ಮಧ್ಯೆ ಇರೋದು ಒಂದು ಮಣ್ಣಿನ ಕಟ್ಟೆ. ಅಂಥ ಕಡೆ ನೆಲ ಒಂದು ಅಡಿ ಇಳಿದರೆ ಅದು ಗದ್ದೆಯಾಗಿ ಉಳಿಯೋದಿಲ್ಲ. ಇದಲ್ಲದೆ ಸಮುದ್ರವೇ ಮೇಲೆ ಬರ್ತಾ ಇದೆ. ನೀರು ಏರೋದು, ನೆಲ ಇಳಿಯೋದು, ಎರಡೂ ಕೂಡಿದರೆ ದಂಡೆಯ ರೈತನಿಗೆ ಉಳಿಗಾಲ ಎಲ್ಲಿ?

ಈಗ ಸಾಲದ ಮಾತಿಗೆ ಬರ್ತೀನಿ. ನಿಮ್ಮ ಪಹಣಿ ತೆಗೆದು ನೋಡಿ. ಸರ್ವೆ ನಂಬರು ಇದೆ, ಎಕರೆ ಇದೆ, ಗುಂಟೆ ಇದೆ, ಖರಾಬು ಇದೆ, ಬ್ಯಾಂಕಿನ ಸಾಲದ ಋಣವೂ ಇದೆ. ಎತ್ತರ ಅನ್ನೋ ಕಲಮು ಇದೆಯೇ? ಇಲ್ಲ. ನಿಮ್ಮ ಜಮೀನು ಎರಡು ಅಡಿ ಇಳಿದು ಉಪ್ಪುನೀರು ನಿಂತರೂ ಪಹಣಿಯಲ್ಲಿ ಒಂದು ಗುಂಟೆಯೂ ಕಡಿಮೆಯಾಗೋದಿಲ್ಲ. ಕಾಗದದಲ್ಲಿ ನಾಲ್ಕು ಎಕರೆ ನಾಲ್ಕೇ ಎಕರೆ. ಬ್ಯಾಂಕಿನ ಲೆಡ್ಜರಿನಲ್ಲಿ ಅಸಲು ಅಸಲೇ, ಬಡ್ಡಿ ಬಡ್ಡಿಯೇ. ಕೊಳ್ಳೋಕೆ ಯಾರೂ ಬರಲ್ಲ, ಹೊಸ ಸಾಲ ಹುಟ್ಟಲ್ಲ, ಹಳೇ ಸಾಲ ತೀರಲ್ಲ. ನೆಲ ಕುಸಿದರೆ ಸಾಲ ಕುಸಿಯುವುದಿಲ್ಲ, ಅದು ಮೇಲಕ್ಕೇ ಬೆಳೆಯುತ್ತೆ.

ಕಾನೂನು ಏನು ಹೇಳುತ್ತೆ? ನಮ್ಮ ದೇಶದ 1882ರ ಈಸ್‌ಮೆಂಟ್ ಕಾಯಿದೆಯ 7ನೇ ಕಲಮಿನ ಉದಾಹರಣೆಗಳನ್ನ ಓದಿ. ಪ್ರತಿಯೊಬ್ಬ ಭೂಮಾಲೀಕನ ನೆಲಕ್ಕೂ ಕೆಳಗಿನ, ಪಕ್ಕದ ಮಣ್ಣಿನ ಸಹಜ ಆಸರೆ ಸಿಗೋ ಹಕ್ಕಿದೆ ಅಂತ ಒಂದು ಕಡೆ ಇದೆ. ಓದಿದರೆ ಧೈರ್ಯ ಬರುತ್ತೆ. ಅದೇ ಕಲಮಿನ ಇನ್ನೊಂದು ಉದಾಹರಣೆಯಲ್ಲಿ, ಗೊತ್ತಾದ ಹಾದಿಯಲ್ಲಿ ಹರಿಯದ ಅಂತರ್ಜಲವನ್ನ ಭೂಮಾಲೀಕ ತನ್ನ ಎಲ್ಲೆಯೊಳಗೆ ಹೇಗಾದರೂ ತೆಗೆದು ಬಳಸಬಹುದು ಅಂತ ಇದೆ. ಪಕ್ಕದವನು ನೀರು ತೆಗೆದು ನನ್ನ ನೆಲದ ಆಸರೆ ಹೋದರೆ ಯಾವ ಹಕ್ಕು ಗೆಲ್ಲಬೇಕು? ಟೆಕ್ಸಾಸಿನವರು ಸಿಕ್ಕಿಹಾಕಿಕೊಂಡದ್ದು ಇದೇ ಇಕ್ಕಟ್ಟಿನಲ್ಲಿ. ನಮ್ಮಲ್ಲಿ ನೆಲ ಇಳಿದ ಮೇಲೆ ಇಪ್ಪತ್ತು ವರ್ಷ ಕೋರ್ಟು ಅಲೆಯೋದಕ್ಕಿಂತ ಕೊರೆಯೋದಕ್ಕೆ ಮೊದಲೇ ಬರೆಸಿಕೊಳ್ಳೋದು ಜಾಣತನ.

ಇನ್ನೊಂದು ಅಪಾಯ. ಭೂಮಿ ತೆಗೆದುಕೊಂಡರೆ 2013ರ ಭೂಸ್ವಾಧೀನ ಕಾಯಿದೆ ಪ್ರಕಾರ ಬೆಲೆ, ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ ಕೊಡಬೇಕು. ಭೂಮಿ ತೆಗೆದುಕೊಳ್ಳದೆ ಬರೀ ಕೊಳವೆ ಹಾಯಿಸೋ ಹಕ್ಕು ಪಡೆದರೆ? ಎಣ್ಣೆ, ಅನಿಲದ ಕೊಳವೆಗಳ 1962ರ ಕಾಯಿದೆಯಲ್ಲಿ ಆ ಹಕ್ಕಿಗೆ ಜಮೀನಿನ ಬೆಲೆಯ ನೂರಕ್ಕೆ ಹತ್ತು ಪಾಲು ಮಾತ್ರ, ಬೆಳೆ ನಷ್ಟ ಬೇರೆ. ಭೂಶಾಖದ ಬಾವಿಗೆ ಬೇಕಾದ ಜಾಗ ಎರಡು ಮೂರು ಎಕರೆ ಇರಬಹುದು. ಅದರ ಕೆಳಗಿನ ಪದರ ಹತ್ತು ಊರಿಗೆ ಹರಡಿರುತ್ತೆ. ಎರಡು ಎಕರೆಯವನ ಹತ್ತಿರ ಸಹಿ ಹಾಕಿಸಿಕೊಂಡು ಹತ್ತು ಊರಿನ ಕೆಳಗಿಂದ ತೆಗೀತಾರೆ. ಉಳಿದವರು ಕಾಗದದಲ್ಲಿ ಎಲ್ಲೂ ಇರೋದಿಲ್ಲ. ಪಾವಗಡದಲ್ಲಿ ಸೋಲಾರಿಗೆ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು ಮಾಡಿ ಗುತ್ತಿಗೆಗೆ ಕೊಟ್ಟರು. ಸರಿಯೋ ತಪ್ಪೋ ಬೇರೆ ಮಾತು. ಅಲ್ಲಿ ಗುತ್ತಿಗೆ ಮುಗಿದ ದಿನ ಹಲಗೆ ಕಿತ್ತರೆ ನೆಲ ಇದ್ದ ಮಟ್ಟದಲ್ಲೇ ಇರುತ್ತೆ. ಇಳಿದ ನೆಲವನ್ನ ಯಾವ ಗುತ್ತಿಗೆದಾರನೂ ಎತ್ತಿ ಕೊಡಲಾರ.

ಆದ್ದರಿಂದ ಭೂಶಾಖಕ್ಕೆ ಬಾವಿ ಕೊರೆಯೋ ಮಾತು ಯಾವ ದಂಡೆಯ ಊರಿಗೆ ಬಂದರೂ ರೈತರು ಈ ಐದು ಮಾತು ಬರೆಸಿಕೊಳ್ಳಲಿ.

ಒಂದು. ಕೊರೆಯೋಕೆ ಮೊದಲು ಸುತ್ತಲ ಎಲ್ಲಾ ಊರಲ್ಲೂ ಮಟ್ಟದ ಕಲ್ಲು ನೆಡಬೇಕು. ಎತ್ತರ ಅಳೆದು ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಬರೀಬೇಕು. ವರ್ಷ ವರ್ಷ ಅಳೆದು ಅದರ ಪಕ್ಕದಲ್ಲೇ ಬರೀಬೇಕು.

ಎರಡು. ತೆಗೆದ ನೀರನ್ನ ತೆಗೆದ ಪದರಕ್ಕೇ ವಾಪಸು ತುಂಬಬೇಕು. ಎಷ್ಟು ತೆಗೆದರು, ಎಷ್ಟು ತುಂಬಿದರು ಅನ್ನೋ ಲೆಕ್ಕ ತಿಂಗಳು ತಿಂಗಳು ಊರಿಗೆ ಕೊಡಬೇಕು.

ಮೂರು. ನೆಲ ಇಳಿದರೆ, ಬಾವಿಯಿಂದ ಇಳಿದಿಲ್ಲ ಅಂತ ತೋರಿಸೋ ಹೊಣೆ ಬಾವಿಯವರದ್ದು. ಬಾವಿಯಿಂದಲೇ ಇಳಿಯಿತು ಅಂತ ತೋರಿಸೋ ಹೊಣೆ ರೈತನ ತಲೆಗೆ ಕಟ್ಟಬಾರದು. ಆಳದ ಲೆಕ್ಕ ಇರೋದು ಅವರ ಹತ್ತಿರ, ನಮ್ಮ ಹತ್ತಿರ ಇರೋದು ಗುದ್ದಲಿ.

ನಾಲ್ಕು. ಪರಿಹಾರದ ಹಣ ಮೊದಲೇ ಠೇವಣಿ ಇಡಬೇಕು. ಬೆಲೆ ಬಿದ್ದು ಕಂಪನಿ ಬಾಗಿಲು ಹಾಕಿಕೊಂಡು ಹೋದ ಮೇಲೆ ಯಾರನ್ನ ಹುಡುಕೋದು?

ಐದು. ಮಟ್ಟ ಇಳಿದ ಜಮೀನಿನ ಮೇಲಿರೋ ಬೆಳೆ ಸಾಲ, ಅಡಮಾನದ ಸಾಲ ಆ ಠೇವಣಿಯಿಂದ ಮೊದಲು ತೀರಬೇಕು. ತೀರೋವರೆಗೆ ಬಡ್ಡಿ ಓಡಬಾರದು, ಜಪ್ತಿ ಬರಬಾರದು.

ಇದೇನು ನಡೆಯದ ಮಾತಲ್ಲ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಎಲ್ಲಾ ಬೇಸಾಯ ಕಾಲುವೆಯ ಇಳಿಜಾರನ್ನ ನಂಬಿದೆ. ಅಲ್ಲಿ ಭೂಶಾಖ ಬಂದಾಗ 1970ರ ದಶಕದಲ್ಲೇ ಮಟ್ಟದ ಕಲ್ಲುಗಳ ಜಾಲ ಹಾಕಿ ಅಳೆಯೋಕೆ ಶುರು ಮಾಡಿದರು. ನೀರು ವಾಪಸು ತುಂಬೋ ಷರತ್ತು ಹಾಕಿದರು. ಬೇಸಾಯವೂ ಉಳಿದಿದೆ, ಕರೆಂಟೂ ಬರ್ತಾ ಇದೆ. ಷರತ್ತು ಹಾಕಿದ ಕಡೆ ಎರಡೂ ಉಳಿಯಬಹುದು. ವೈರಾಕೆಯಲ್ಲಿ ಮೊದಲೇ ಷರತ್ತು ಇರಲಿಲ್ಲ, 1990ರ ದಶಕದಲ್ಲಿ ನೀರು ವಾಪಸು ತುಂಬೋಕೆ ಶುರು ಮಾಡಿದರು. ಅಷ್ಟು ಹೊತ್ತಿಗೆ ನೆಲ ಇಳಿದಾಗಿತ್ತು.

ಕೊನೇ ಮಾತು. ನಮ್ಮ ಊರು ಗಟ್ಟಿ ಕಲ್ಲಿನ ಮೇಲಿದೆ, ನಮಗೇನು ಅಂತ ಎದ್ದು ಹೋಗಬೇಡಿ. ಕೊಂಕಣದಲ್ಲಿ, ಖಂಬಾತಿನಲ್ಲಿ ಮೊದಲು ಸಹಿ ಹಾಕೋ ಕಾಗದವೇ ನಾಳೆ ದೇಶಕ್ಕೆಲ್ಲ ನಮೂನೆ ಆಗುತ್ತೆ. ಅಲ್ಲಿನ ರೈತ ಐದು ಷರತ್ತು ಬರೆಸಿಕೊಂಡರೆ ನಮಗೂ ಐದು ಸಿಗುತ್ತೆ. ಅವನು ಹೆಬ್ಬೆಟ್ಟು ಒತ್ತಿ ಬಂದರೆ ನಮಗೂ ಅದೇ ಗತಿ. ಅದಕ್ಕೆ ಅಲ್ಲಿನ ರೈತರಿಗೆ ಇಲ್ಲಿಂದ ಕಾಗದ ಬರೆಯೋಣ. ನಮ್ಮ ನಮ್ಮ ಗ್ರಾಮಸಭೆಯಲ್ಲಿ ಈ ಐದು ಮಾತು ಓದಿಸೋಣ. ನಾಳೆ ಯಾರಾದರೂ ಸಹಿ ಕೇಳಿಕೊಂಡು ಬಂದರೆ, ಮೊದಲು ಮಟ್ಟದ ಕಲ್ಲು ನೆಡಿ, ಆಮೇಲೆ ಮಾತು ಅಂತ ಹೇಳೋಣ.